ಗುಡುಗಿನ ಮೊಂಬತ್ತಿ

ಫೆಬ್ರವರಿ ಎರಡು. ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಇಗರ್ಜಿಯಿಂದ ಮನೆಗೆ ಎರಡು ಕಿಲೋಮೀಟರು.
ನಾರೆವ್ ನದಿ ಹರಿಯುವುದನ್ನು ಬಿಟ್ಟು
ಬಿಳಿಯ ರಸ್ತೆಯಾಗಿ ಬಿದ್ದುಕೊಂಡಿತ್ತು.
ಅತ್ತೆಯ ಮೊಣಕಾಲು ಆ ವರ್ಷ ಒಲ್ಲೆನೆಂದಿತು,
ಬತ್ತಿ ನನ್ನ ಕೈಗೆ ಬಂತು.

ಗ್ರೊಮ್ನಿತ್ಸಾ ಅನ್ನುತ್ತಾರೆ ಇಲ್ಲಿ. ಗ್ರೊಮ್ ಅಂದರೆ ಗುಡುಗು.
ಅಗಸೆಯ ನಾರು ಸುತ್ತಿ ನೀಲಿ ಪಟ್ಟಿ ಕಟ್ಟಿ
ಒತೀಲ್ಯಾ ತಾನೇ ಎರೆದದ್ದು,
ತನ್ನದೇ ಜೇನುಗೂಡಿನ ಮೇಣ.
"ಪಾದ್ರಿ ಹರಸಿದ ಬೆಂಕಿ
ಹೊಸಿಲು ದಾಟುವ ತನಕ ಆರಬಾರದು ಹುಡುಗಿ,
ಆರಿದರೆ ಆ ವರ್ಷ ಮನೆಯಿಂದ ಯಾರಾದರೂ..."
ಉಳಿದದ್ದನ್ನು ಶಿಲುಬೆಯ ಗುರುತು ಮಾಡಿ ಮುಗಿಸಿದಳು.

ನಾನು ಬ್ಯಾವಿಸ್ತೊಕ್‌ನ ಏಳನೇ ಮಹಡಿಯವಳು.
ಬೆಳಕೆಂದರೆ ನನಗೆ ಗೋಡೆಯ ಮೇಲಿನ ಗುಂಡಿ.

ಊರಿಗೂರೇ ಹಿಮದಲ್ಲಿ ನಡೆದಿತ್ತು
ಕೋಟಿನೊಳಗೆ ಕೋಳಿಮರಿ ಬಚ್ಚಿಟ್ಟುಕೊಂಡವರ ಹಾಗೆ
ಕೈ ಮುಚ್ಚಿ, ಬೆನ್ನು ಬಾಗಿಸಿ, ಮಾತಿಲ್ಲದೆ.
ಹಿಂದೆ ಬಿದ್ದೆ.
ಬಸ್ ತಂಗುದಾಣದ ಮೂಲೆ ತಿರುಗುವಾಗ
ಗಾಳಿ ಬಂತು ಅನ್ನಲೂ ಆಗದು,
ಇದ್ದದ್ದು ಸುಮ್ಮನೆ ಇಲ್ಲವಾಯಿತು.

ಜೇಬಿನಲ್ಲಿ ಜೆನೊನ್‌ನ ಲೈಟರ್,
ಸಿಗರೇಟು ಬಿಡಿಸಲೆಂದು ನಾನೇ ಕಿತ್ತುಕೊಂಡದ್ದು.
ಸುತ್ತ ನೋಡಿದೆ.
ಹಳೆಯ ವೇಳಾಪಟ್ಟಿಯ ಗಾಜಿಗೆ ಬೆನ್ನು ಕೊಟ್ಟು
ಹಚ್ಚಿದೆ.

ಬಾಗಿಲು ತೆರೆದೇ ಕಾದಿದ್ದಳು.
ಬತ್ತಿಯ ಹತ್ತಿರ ಮುಖ ತಂದು
ಒಂದು ಗಳಿಗೆ ಹೆಚ್ಚಾಗಿಯೇ ನಿಂತಳು.
ಭಕ್ತಿ ಅಂದುಕೊಂಡೆ.
ಆಮೇಲೆ ಸ್ಟೂಲು ಹತ್ತು ಅಂದಳು,
ತೊಲೆಯ ಮೇಲೆ ಹೊಗೆಯಲ್ಲಿ ಶಿಲುಬೆ ಬರೆಸಿದಳು,
ಯುದ್ಧದ ವರ್ಷದ್ದು, ಮಾವ ಹೋದ ವರ್ಷದ್ದು,
ಒಂದರ ಮೇಲೊಂದು ಮಸಿಹಿಡಿದ ಶಿಲುಬೆಗಳ ಪಕ್ಕ
ನನ್ನದು, ಸೊಟ್ಟ.

ಆ ವರ್ಷ ಯಾರೂ ಸಾಯಲಿಲ್ಲ.
ಒಂದು ಹಸು ಸತ್ತಿತು, ಅದಕ್ಕೆ ವಯಸ್ಸಾಗಿತ್ತು,
ಆದರೂ ಮೂರು ರಾತ್ರಿ ನನಗೆ ನಿದ್ದೆಯಿಲ್ಲ.

ಬೇಸಿಗೆಯ ಗುಡುಗಿಗೆ ಅವಳು ಕಿಟಕಿಯಲ್ಲಿ ಬತ್ತಿ ಹಚ್ಚುವಳು,
ಜೆನೊನ್ ಟಿವಿಯ ಪ್ಲಗ್ಗು ಕೀಳುವನು.
"ಎರಡೂ ಬೇಕು," ಅನ್ನುವಳು, ಜಪಮಣಿಯ ನಡುವೆ,
"ಫ್ರಿಜ್ಜಿನದ್ದೂ ತೆಗಿ."

ಹನ್ನೊಂದು ವರ್ಷ ಕಳೆದು ಅಕ್ಟೋಬರ್.
ಉಳಿದದ್ದು ಒಂದು ಗೇಣು ಮೇಣ.
ಸಾಯುವವರ ಕೈಗೆ ಅದನ್ನೇ ಕೊಡಬೇಕು.
ಅವಳ ಬೆರಳು ಹಿಡಿಯಲೊಲ್ಲವು,
ನನ್ನ ಕೈಯನ್ನು ಅದರ ಮೇಲೆ ಸುತ್ತಿದೆ.
ಬಿಸಿ ಮೇಣ ನನ್ನ ಮಣಿಕಟ್ಟಿಗೆ ಇಳಿಯುತ್ತಿತ್ತು.
ಆಗ ಹೇಳಿದೆ: ಬಸ್ ತಂಗುದಾಣ, ಲೈಟರ್, ಎಲ್ಲ.

ಕಣ್ಣು ತೆರೆಯಲಿಲ್ಲ.
"ಪೆಟ್ರೋಲು," ಅಂದಳು.
"ಹೊಸಿಲಲ್ಲೇ ಮೂಗಿಗೆ ಬಡಿದಿತ್ತು."

ಹಾಗಾದರೆ ಶಿಲುಬೆ ಯಾಕೆ ಬರೆಸಿದೆ?

ತುಂಬ ಹೊತ್ತು.
ಬತ್ತಿ ಚಿಟಿಚಿಟಿ ಅಂದಿತು, ಸುಮ್ಮನಾಯಿತು.
"ಅವತ್ತು ಚಳಿ ಬಹಳ ಇತ್ತು."

ಬೆಳಗಿನ ಜಾವ ಹೋದಳು.
ಬತ್ತಿಯ ಕೊನೆಯ ಹೊಗೆ ಮೇಲಕ್ಕೆ ಹೋಯಿತೋ ಬಾಗಿಲಿಗೋ
ಎಂದು ನೆರೆಯ ಕುನೆಗುಂದಾ ಕೇಳಿದಳು,
ಅದರಲ್ಲಿ ಏನೋ ತಿಳಿಯುತ್ತದಂತೆ.
ನಾನು ನೋಡಿರಲಿಲ್ಲ.
ಮಣಿಕಟ್ಟಿನ ಮೇಣ ಕೀಳುತ್ತಿದ್ದೆ,
ಅದರ ಜೊತೆ ಸಣ್ಣ ಕೂದಲೂ ಬರುತ್ತಿದ್ದವು.

ಈಗ ಮೇಣ ಎರೆಯುವವಳು ನಾನು.
ಮೊದಲ ವರ್ಷ ಬತ್ತಿ ನಡುವೆ ನಿಲ್ಲಲಿಲ್ಲ,
ಒಂದು ಮಗ್ಗುಲೇ ಉರಿಯಿತು.

ಈ ಸಲ ಅದೇ ತಿರುವಿನಲ್ಲಿ
ನನ್ನ ಮುಂದಿದ್ದ ಹುಡುಗನ ಬೆಳಕು ಹೋಯಿತು.
ಒಂಬತ್ತು ವರ್ಷವಿರಬಹುದು, ಅಣ್ಣನ ದೊಡ್ಡ ಕೈಗವಸು.
ಸುತ್ತ ನೋಡಿದ.
ನಾನು ನದಿಯ ಕಡೆ ಮುಖ ತಿರುಗಿಸಿ
ಹಿಮ ನೋಡುವವಳಂತೆ ನಿಂತೆ.

ಕಡ್ಡಿ ಗೀರಿದ ಸದ್ದು. ಇನ್ನೊಂದು.
ಮೂರನೆಯದು ಹತ್ತಿತು.